ಹೊಲದ ಕೆಳಗಿನ ಕಲ್ಲು ಯಾರದು?

ಕಳೆದ ತಿಂಗಳು ಅಪ್ಪ ಫೋನ್ ಮಾಡಿದಾಗ ನಾನು ಗ್ರಂಥಾಲಯದಲ್ಲಿದ್ದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮಾತಾಡಿದೆ. ಬೆಳೆ, ಮಳೆ, ಅವ್ವನ ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಅಪ್ಪ ನಿಜವಾದ ವಿಷಯಕ್ಕೆ ಬಂದರು. "ಯವ್ವಾ, ಹೊಲ ಕೇಳ್ಲತ್ತಾರ, ಕಲ್ಲು ತೆಗೀಲಾಕ. ಹತ್ತು ವರ್ಷಕ್ಕ ಅಂತ. ನಿಮ್ಮ ಕಾಕಾ ಹೂಂ ಅಂದಾನ. ಕಾಗದದ ಮ್ಯಾಲ ನಿನ್ನ ಸಹಿನೂ ಬೇಕಂತ. ನೀ ಇದನ್ನೇ ಓದ್ಲತ್ತಿದ್ದಿ ಅಲ್ಲಾ, ಮಾಡ್ಬೇಕೋ ಬ್ಯಾಡೋ ಹೇಳು."

ನಾನು ತತ್ವಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಜೀವವಿಲ್ಲದ ವಸ್ತುಗಳ ಬಗ್ಗೆ ನಮಗೆ ನೈತಿಕ ಹೊಣೆ ಇದೆಯೇ ಎಂಬುದು ನನ್ನ ವಿಷಯ. ನಾಲ್ಕು ವರ್ಷ ಓದಿ, ಮೂರು ಅಧ್ಯಾಯ ಬರೆದು, ಎರಡು ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿದ್ದೇನೆ. ಅಪ್ಪನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. "ನಾಳಿಗಿ ಹೇಳ್ತೀನಪ್ಪಾ" ಅಂದೆ. ಆ ನಾಳೆ ಬರಲು ಮೂರು ವಾರ ಹಿಡಿಯಿತು.

ನಮ್ಮೂರು ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ನದಿಗೆ ಹತ್ತಿರ. ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿಯ ಕಡೆ ಹೋದವರಿಗೆ ಈ ನೆಲ ಗೊತ್ತು. ದೂರಕ್ಕೆ ಸಪಾಟು, ಅಲ್ಲಲ್ಲಿ ಜಾಲಿ, ಬೇವು, ಬಾರಿಕಂಟಿ, ಹಳದಿ ಹೂವಿನ ತಂಗಡಿ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ನಾಯಿಯೂ ಬೀದಿಗಿಳಿಯುವುದಿಲ್ಲ. ಎಲ್ಲಿ ಗುದ್ದಲಿ ಹಾಕಿದರೂ ಸ್ವಲ್ಪದರಲ್ಲೇ ಟಣ್ ಎನ್ನುತ್ತದೆ. ಅದು ಸುಣ್ಣದ ಕಲ್ಲು. ಜಗತ್ತು ಅದನ್ನು ಶಹಾಬಾದ್ ಕಲ್ಲು ಅನ್ನುತ್ತದೆ, ನಾವು ಪರ್ಸಿ ಅನ್ನುತ್ತೇವೆ. ಚಾಣ ಇಟ್ಟು ಹೊಡೆದರೆ ಪದರ ಪದರವಾಗಿ ಬಿಡುತ್ತದೆ. ನಮ್ಮ ಮನೆಯ ನೆಲ, ಗೋಡೆ, ಮಾಳಿಗೆ, ದನದ ಗ್ವಾದಲಿ, ಬಟ್ಟೆ ಒಗೆಯುವ ಹಾಸು, ಹೊಲದ ಬದುವಿಗೆ ನಿಲ್ಲಿಸಿದ ಗಡಿಗಲ್ಲು, ಕಡೆಗೆ ಅಜ್ಜನ ಗೋರಿಯ ಮೇಲಿನ ಹಾಸುಗಲ್ಲು ಎಲ್ಲ ಅದೇ.

ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಶಿಲೆ ಎನ್ನುತ್ತಾರೆ. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಕೂತು, ಒತ್ತಡಕ್ಕೆ ಸಿಕ್ಕು, ಕಲ್ಲಾಯಿತು. ನೆಲದ ಮೇಲೆ ಒಂದು ಗಿಡವೂ ಇಲ್ಲದ ಕಾಲ ಅದು. ಆಮೇಲೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ಡೆಕ್ಕನ್ನಿನ ಲಾವಾ ಉಕ್ಕಿ ಪಶ್ಚಿಮದಿಂದ ಹಾಸಿಕೊಂಡು ಬಂತು. ಆ ಲಾವಾ ಕಲ್ಲು ಸವೆದು ನಮ್ಮ ಎರಿಮಣ್ಣಾಯಿತು. ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದ ಊರಿನಲ್ಲಿ ನಾವು ದಿನಾ ಸಮುದ್ರದ ತಳ ಒರೆಸಿ, ಅದರ ಮೇಲೆ ಕೂತು ಊಟ ಮಾಡುತ್ತೇವೆ.

ನಮ್ಮ ಹೊಲ ಆರು ಎಕರೆ. ನಾಲ್ಕು ಎಕರೆ ಎರಿ, ಎರಡು ಎಕರೆ ಮರಡಿ. ಎರಿಯಲ್ಲಿ ತೊಗರಿ ಬರುತ್ತದೆ. ಮರಡಿಯಲ್ಲಿ ಮಣ್ಣು ಗೇಣುದ್ದವೂ ಇಲ್ಲ. ಆಡು ಮೇಯುತ್ತವೆ, ಬಾರಿಹಣ್ಣು ಸಿಗುತ್ತದೆ, ಅಷ್ಟೆ. ಎರಡು ವರ್ಷ ತೊಗರಿಗೆ ನೆಟೆ ರೋಗ ಬಿದ್ದು, ಹೂ ಬಿಟ್ಟ ಗಿಡ ನಿಂತಲ್ಲೇ ಒಣಗಿತು. ಸಾಲವಿದೆ. ಕಾಕಾನ ಮಗನಿಗೆ ಕೆಲಸವಿಲ್ಲ. ಗುತ್ತಿಗೆದಾರ ಹೇಳಿದ ಮೊತ್ತ, ಹತ್ತು ವರ್ಷ ತೊಗರಿ ಚೆನ್ನಾಗಿ ಬಂದರೂ ಕೈಗೆ ಬಾರದಷ್ಟು. ನೈತಿಕ ಪ್ರಶ್ನೆ ಯಾವತ್ತೂ ಖಾಲಿ ಕೋಣೆಯಲ್ಲಿ ಎದುರಾಗುವುದಿಲ್ಲವಾದ್ದರಿಂದ ಇದನ್ನು ಮೊದಲೇ ಹೇಳಬೇಕು.

ಸೆಮಿನಾರಿನಲ್ಲಿ ನನಗೆ ಎದುರಾಗುವ ಮೊದಲ ಆಕ್ಷೇಪ ಯಾವಾಗಲೂ ಒಂದೇ. ಕಲ್ಲಿಗೆ ನೋವಿಲ್ಲ, ಆಸೆಯಿಲ್ಲ, ನಾಳೆಯಿಲ್ಲ. ಯಾರಿಗೆ ಏನೂ ಬೇಕಿಲ್ಲವೋ ಅವರಿಗೆ ಅನ್ಯಾಯ ಮಾಡಲು ಹೇಗೆ ಸಾಧ್ಯ? ಕುರಿಯನ್ನು ಒದ್ದರೆ ಕುರಿಗೆ ಕೆಡುಕಾಗುತ್ತದೆ, ಕಲ್ಲನ್ನು ಒದ್ದರೆ ಒದ್ದವನ ಕಾಲಿಗೆ. ಇದು ಗಟ್ಟಿಯಾದ ವಾದ. ನಾನು ಇದನ್ನು ಮುರಿಯಲು ನೋಡಿ ಸೋತಿದ್ದೇನೆ.

ಇದರ ಎದುರಿಗೆ ನಾನು ಇಡುತ್ತಿದ್ದದ್ದು ರಿಚರ್ಡ್ ರೌಟ್ಲಿ ಎಂಬ ತತ್ವಜ್ಞಾನಿಯ ಒಂದು ಕಲ್ಪನೆ. 1973ರಲ್ಲಿ ಬಲ್ಗೇರಿಯಾದ ವಾರ್ನಾದಲ್ಲಿ ನಡೆದ ವಿಶ್ವ ತತ್ವಶಾಸ್ತ್ರ ಸಮ್ಮೇಳನದಲ್ಲಿ ಅವರು ಕೇಳಿದ್ದು ಇಷ್ಟು: ಜಗತ್ತಿನಲ್ಲಿ ಒಬ್ಬನೇ ಮನುಷ್ಯ ಉಳಿದಿದ್ದಾನೆ ಎಂದಿಟ್ಟುಕೊಳ್ಳಿ. ಅವನು ಸಾಯುವ ಮುಂಚೆ ತನ್ನ ಕೈಲಾದಷ್ಟು ಗಿಡ, ಪ್ರಾಣಿ ಎಲ್ಲವನ್ನೂ ನಾಶ ಮಾಡುತ್ತಾನೆ. ಅದರಿಂದ ಯಾವ ಮನುಷ್ಯನಿಗೂ ತೊಂದರೆಯಿಲ್ಲ. ಹಾಗಾದರೆ ಅವನು ಮಾಡಿದ್ದು ತಪ್ಪಲ್ಲವೇ? ಹೆಚ್ಚಿನವರಿಗೆ ತಪ್ಪು ಅನ್ನಿಸುತ್ತದೆ. ನಾನು ಇದನ್ನು ಕಲ್ಲಿಗೂ ಹಿಗ್ಗಿಸಿ, ಕೊನೆಯ ಮನುಷ್ಯ ಸುಮ್ಮನೆ ಒಂದು ಬೆಟ್ಟವನ್ನು ಸಿಡಿಸಿದರೆ ಎಂದು ಕೇಳುತ್ತಿದ್ದೆ. ಸಭೆಯಲ್ಲಿ ತಲೆಯಾಡಿಸುವವರು ಸಿಗುತ್ತಿದ್ದರು. ಆದರೆ ಅಪ್ಪನ ಫೋನ್ ಬಂದ ಮೇಲೆ ಈ ಉದಾಹರಣೆಯ ದೋಷ ಕಾಣತೊಡಗಿತು. ನಮ್ಮಪ್ಪ ಕೊನೆಯ ಮನುಷ್ಯ ಅಲ್ಲ. ಅವರು ಸುಮ್ಮನೆ ಸಿಡಿಸಲು ಹೊರಟಿಲ್ಲ. ಅವರಿಗೆ ಸಾಲವಿದೆ. ಸುಮ್ಮನೆ ಮಾಡುವ ನಾಶ ತಪ್ಪು ಎಂದು ಒಪ್ಪಿಸುವುದು ಸುಲಭ. ಬೇಕಾಗಿ ಮಾಡುವ ನಾಶದ ಬಗ್ಗೆ ಏನನ್ನಬೇಕು ಎಂಬುದೇ ಕಷ್ಟ.

ಎರಡನೆಯ ದಾರಿ ಒಡೆತನದ್ದು. ಹೊಲ ನಮ್ಮದಾದರೆ ಕಲ್ಲೂ ನಮ್ಮದು, ಏನು ಬೇಕಾದರೂ ಮಾಡಬಹುದು ಎಂದು ಕಾಕಾ ಹೇಳುತ್ತಾರೆ. ಕಾನೂನು ಅಷ್ಟು ಸರಳವಲ್ಲ. ಗಣಿಗಾರಿಕೆಗೆ 1957ರ ಕೇಂದ್ರ ಕಾಯ್ದೆ ಇದೆ, ಪರವಾನಗಿ ಬೇಕು, ರಾಜಧನ ಕಟ್ಟಬೇಕು. ಆದರೂ 2013ರಲ್ಲಿ ಕೇರಳದ ಜಮೀನುಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ನೆಲದಡಿಯ ಖನಿಜವೆಲ್ಲ ಸರ್ಕಾರದ್ದೇ ಎಂದು ಸಾರುವ ಕಾನೂನು ಇಲ್ಲ, ಬೇರೆ ರೀತಿ ಕಸಿದುಕೊಳ್ಳದ ಹೊರತು ಒಡೆತನ ನೆಲದ ಒಡೆಯನನ್ನೇ ಹಿಂಬಾಲಿಸುತ್ತದೆ ಎಂದಿತು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. ಹಾಗಾಗಿಯೇ ನನ್ನ ಸಹಿ. ಎಂದೂ ಹೊಲದಲ್ಲಿ ನೆಟ್ಟಗೆ ಕಳೆ ಕೀಳದ ನಾನು, ಒಂದು ಸಮುದ್ರದ ತಳದ ಪಾಲುಗಾರ್ತಿ.

ಆ ಪಾಲು ಎಲ್ಲಿಂದ ಬಂತು ಎಂದು ಯೋಚಿಸಿದೆ. ಜಾನ್ ಲಾಕ್ ಹೇಳುವ ಪ್ರಕಾರ, ನೆಲಕ್ಕೆ ನಮ್ಮ ದುಡಿಮೆ ಬೆರೆಸಿದಾಗ ಅದು ನಮ್ಮದಾಗುತ್ತದೆ, ಆದರೆ ಉಳಿದವರಿಗೂ ಅಷ್ಟೇ ಒಳ್ಳೆಯದು, ಸಾಕಷ್ಟು ಉಳಿದಿರಬೇಕು. ಎರಿ ಹೊಲಕ್ಕೆ ಈ ಮಾತು ಒಪ್ಪುತ್ತದೆ. ಅಜ್ಜ ಕಲ್ಲು ಆರಿಸಿದ, ಬದು ಹಾಕಿದ, ಅಪ್ಪ ಗೊಬ್ಬರ ಹೊತ್ತರು. ಕೆಳಗಿನ ಕಲ್ಲಿಗೆ ಯಾರು ದುಡಿದರು? ಯಾರೂ ಇಲ್ಲ. ಪಹಣಿಯಲ್ಲಿ ನಮ್ಮ ಹೆಸರಿರುವುದರಿಂದ ಮಾರುವ ಅಧಿಕಾರ ಬಂತೇ ಹೊರತು, ಅದನ್ನು ಗಳಿಸಿದೆವು ಎಂದು ಹೇಳುವ ಬಾಯಿ ಬರಲಿಲ್ಲ. ಇದೇ ಪಹಣಿಯಲ್ಲಿ ನಮ್ಮ ಮರಡಿಯ ಒಂದಷ್ಟು ಗುಂಟೆ 'ಖರಾಬ್' ಎಂದು ದಾಖಲಾಗಿದೆ. ಸಾಗುವಳಿಗೆ ಬಾರದ್ದು, ಕಂದಾಯವಿಲ್ಲದ್ದು ಎಂದು ಅದರ ಅರ್ಥ. ಬೆಳೆ ಲೆಕ್ಕದಲ್ಲಿ ಖರಾಬ್ ಆದ ಜಾಗವೇ ಕಲ್ಲಿನ ಲೆಕ್ಕದಲ್ಲಿ ಚಿನ್ನ. ಖಣಿಯವನಿಗೆ ಮೇಲಿನ ಮಣ್ಣು ಎತ್ತಿ ಎಸೆಯಬೇಕಾದ ಅಡ್ಡಿ, ರೈತನಿಗೆ ಕೆಳಗಿನ ಕಲ್ಲು ಅಡ್ಡಿ. ಯಾರ ಲೆಕ್ಕದಲ್ಲೂ ನೆಲ ಪೂರ್ತಿ ನೆಲವಾಗಿ ಇಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಮರಡಿಯಲ್ಲಿ ಒಬ್ಬಳೇ ಸುತ್ತಿದೆ. ಚಿಕ್ಕಂದಿನಲ್ಲಿ ಆಡು ಕಾಯ್ದ ಜಾಗವನ್ನು ಈ ಸಲ ಪರೀಕ್ಷೆಗೆ ಓದುವವಳ ಹಾಗೆ ನೋಡಿದೆ. ಬಂಡೆ ಮೇಲ್ನೋಟಕ್ಕೆ ಒಂದೇ ಹಾಸು. ಹತ್ತಿರ ಹೋದರೆ ಉದ್ದಕ್ಕೂ ಅಡ್ಡಕ್ಕೂ ಸೀಳುಗಳು. ಗಿಡಗಳೆಲ್ಲ ಈ ಸೀಳಿನ ಗುಂಟ ಸಾಲಾಗಿ ನಿಂತಿವೆ, ಯಾರೋ ಹಗ್ಗ ಹಿಡಿದು ನೆಟ್ಟ ಹಾಗೆ. ಗಾಳಿಗೆ ಬಂದ ಮಣ್ಣು, ಇರುವೆ ಹೊತ್ತು ತಂದ ಮಣ್ಣು, ಆಡಿನ ಹಿಕ್ಕೆ, ಒಣಗಿದ ಎಲೆ ಎಲ್ಲ ಅಲ್ಲಿ ತುಂಬಿ, ಅದರಲ್ಲಿ ಒಂದು ಬೇವಿನ ಬೀಜ ಬಿದ್ದಿದೆ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ತುಸು ಹುಳಿಯಾಗಿರುತ್ತದೆ. ಆ ಹುಳಿಗೆ ಸುಣ್ಣದ ಕಲ್ಲು ನಿಧಾನವಾಗಿ ಕರಗುತ್ತದೆ, ಸೀಳು ಅಗಲವಾಗುತ್ತದೆ, ನೀರು ಇನ್ನೂ ಕೆಳಗಿಳಿಯುತ್ತದೆ. ಅದೇ ನೀರು ನಮ್ಮ ಬಾವಿಗೆ ಬರುತ್ತದೆ. ಅದಕ್ಕೇ ಅದು ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿಯಾಗಿ ಕಟ್ಟುತ್ತದೆ. ನಮ್ಮ ಹೊಲದ ಬೇಳೆ ನಮ್ಮ ಬಾವಿಯ ನೀರಿನಲ್ಲಿ ಬೇಯುವುದಿಲ್ಲ ಎಂದು ಅವ್ವ ಇಂದಿಗೂ ಬೈಯುತ್ತಾಳೆ. ಆ ಬೇಳೆಗೆ ರುಚಿ ಕೊಟ್ಟದ್ದೂ ಅದೇ ಕಲ್ಲು ಅನ್ನುತ್ತಾರೆ. ತೊಗರಿಯ ತಾಯಿಬೇರು ಆಳಕ್ಕೆ ಹೋಗುತ್ತದೆ, ನೆಲದಲ್ಲಿರುವ ಸುಣ್ಣದ ಅಂಶ ಕಾಳಿಗೆ ಬರುತ್ತದೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ಈ ನೆಲದ ಗುಣಕ್ಕೆ.

ಅಲ್ಲಿ ನಿಂತಾಗ ನನ್ನ ಸಂಶೋಧನೆಯ ಒಂದು ಗಂಟು ಸಡಿಲವಾಯಿತು. ಕಲ್ಲಿಗೆ ಏನೂ ಬೇಕಿಲ್ಲ ಎಂಬುದು ನಿಜವೇ ಇರಲಿ. ಬೇವಿಗೆ ಕಲ್ಲು ಬೇಕು, ಬಾವಿಗೆ ಬೇಕು, ಸೀಳಿನಲ್ಲಿ ಮೊಟ್ಟೆಯಿಡುವ ಓತಿಕ್ಯಾತಕ್ಕೆ ಬೇಕು, ತೊಗರಿಗೆ ಬೇಕು. ಆಲ್ಡೊ ಲಿಯೋಪಾಲ್ಡ್ 1949ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ನೈತಿಕ ಸಮುದಾಯದ ಬೇಲಿಯನ್ನು ಮಣ್ಣು, ನೀರು, ಗಿಡ, ಪ್ರಾಣಿಗಳವರೆಗೆ ಹಿಗ್ಗಿಸಿದರು. ಕಲ್ಲಿಗೆ ಪ್ರತ್ಯೇಕ ಹಕ್ಕು ಕೊಡಿಸಲು ನಾನು ಒದ್ದಾಡಬೇಕಿಲ್ಲ. ಕಲ್ಲು ಆ ಸಮುದಾಯದ ಸದಸ್ಯ ಆಗದಿದ್ದರೂ ಅವರೆಲ್ಲ ಕೂತಿರುವ ಮನೆ. ಮನೆಗೆ ನೋವಾಗುವುದಿಲ್ಲ ಎಂದು ಜನ ಇರುವ ಮನೆ ಕೆಡವಲು ಬರುವುದಿಲ್ಲ.

ಹಾಗೆಂದು ಕಲ್ಲು ಮುಟ್ಟುವುದೇ ಪಾಪ ಎನ್ನಲು ನನ್ನಿಂದಾಗದು. ನಾನು ಹುಟ್ಟಿದ್ದೇ ಪರ್ಸಿಯ ಮೇಲೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮ ಪಕ್ಕದ ಮಳಖೇಡ, ಇದೇ ನೆಲದ ಮೇಲಿನ ಊರು. ಕೋಟೆಯ ಗೋಡೆಯಲ್ಲಿ ಇದೇ ಕಲ್ಲು. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಈ ಕಲ್ಲಿನ ನಾಡಿನದು. ಭೀಮೆಯ ದಂಡೆಯಲ್ಲಿ ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಸುಣ್ಣಗಲ್ಲಿನ ಫಲಕಗಳು ಸಿಕ್ಕಿವೆ. ಅದರಲ್ಲಿ ಒಂದರ ಮೇಲೆ ರಾಜ, ರಾಣಿ, ಪರಿವಾರ. ಕೆಳಗೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದು ಕೆತ್ತಿದ್ದಾರೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಾರೋ ನಮ್ಮ ಕಡೆಯ ಖಣಿಯಿಂದ ಕಲ್ಲು ಎತ್ತಿದ್ದರಿಂದಲೇ ಅಶೋಕನ ಹೆಸರು ಹೊತ್ತ ಆ ಚಿತ್ರ ನಮಗೆ ಉಳಿಯಿತು. ಅದನ್ನು ತಪ್ಪು ಎಂದು ಯಾರು ಹೇಳುತ್ತಾರೆ?

ಸನ್ನತಿಯ ಇನ್ನೊಂದು ಕತೆ ನನ್ನನ್ನು ಕಾಡುತ್ತದೆ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಅವಶೇಷ ತೆಗೆದು ನೋಡಿದಾಗ, ಮೂರ್ತಿಯ ಕೆಳಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳಿದ್ದವು. ಮೂರ್ತಿಯನ್ನು ನಿಲ್ಲಿಸಲೆಂದು ಯಾವತ್ತೋ ಅದೇ ಕಲ್ಲಿಗೆ ರಂಧ್ರ ಕೊರೆದಿದ್ದರು, ಅಷ್ಟು ಅಕ್ಷರಗಳು ಹೋಗಿದ್ದವು. ಆ ಕಲ್ಲಿನ ಮೇಲಿದ್ದ ಹನ್ನೆರಡನೆಯ ಶಾಸನ ಬೇರೆ ಪಂಥಗಳನ್ನೂ ಗೌರವಿಸಬೇಕು ಎಂದು ಹೇಳುವಂಥದ್ದು. ಕೊರೆದವರು ಕೆಟ್ಟವರಲ್ಲ. ಅವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ, ಪೀಠಕ್ಕೆ ಒಂದು ಒಳ್ಳೆಯ ಕಲ್ಲು ಬೇಕಿತ್ತು, ಭಕ್ತಿಯಿಂದಲೇ ಕೊರೆದರು. ನಮಗೆ ಓದಲು ಬಾರದ್ದನ್ನು ನಾವು ಬರಿಯ ಕಲ್ಲು ಎನ್ನುತ್ತೇವೆ. ಮರಡಿಯ ಸೀಳುಗಳನ್ನು ನಾನು ಇಪ್ಪತ್ತೆಂಟು ವರ್ಷ ಓದಿರಲಿಲ್ಲ. ಅದರಲ್ಲಿ ಇನ್ನೂ ನನಗೆ ಓದಲು ಬಾರದ್ದು ಎಷ್ಟಿದೆಯೋ.

ಇಲ್ಲಿಂದ ನನಗೆ ಒಂದು ವ್ಯತ್ಯಾಸ ಹೊಳೆಯಿತು. ನಮ್ಮ ಹಳೆಯ ಮನೆ ಬಿದ್ದಾಗ ಅಪ್ಪ ಪರ್ಸಿಗಳನ್ನು ಒಂದೊಂದಾಗಿ ಎತ್ತಿ, ತೊಳೆದು, ಹೊಸ ಮನೆಗೆ ಹಾಸಿದರು. ಅವು ನಮ್ಮ ಮುತ್ತಜ್ಜನ ಕಾಲದವು. ನಾಳೆ ನಾವು ಮನೆ ಬಿಟ್ಟರೂ ಅವು ಕಲ್ಲಾಗಿಯೇ ಇರುತ್ತವೆ, ಇನ್ನಾರೋ ಎತ್ತಿಕೊಳ್ಳುತ್ತಾರೆ. ಸಿಮೆಂಟಿನ ಗೂಡಿಗೆ ಹೋದ ಕಲ್ಲಿನ ಕತೆ ಬೇರೆ. ಸುಣ್ಣಗಲ್ಲನ್ನು ಸುಟ್ಟರೆ ಅದು ಒಡೆದು ಸುಣ್ಣವೂ ಇಂಗಾಲದ ಡೈಆಕ್ಸೈಡೂ ಆಗುತ್ತದೆ. ನೂರು ಕಿಲೋ ಶುದ್ಧ ಸುಣ್ಣಗಲ್ಲಿನಿಂದ 56 ಕಿಲೋ ಸುಣ್ಣ, 44 ಕಿಲೋ ಅನಿಲ. ಸಮುದ್ರ ಕೋಟ್ಯಂತರ ವರ್ಷ ಹಿಡಿದು ಬಚ್ಚಿಟ್ಟ ಗಾಳಿ ಕೆಲವೇ ಗಂಟೆಯಲ್ಲಿ ಹೊರಗೆ. ಗೂಡಿನ ಶಾಖ ಸುಮಾರು 1450 ಡಿಗ್ರಿ, ಅದಕ್ಕೆ ಉರಿಸುವ ಕಲ್ಲಿದ್ದಲಿನ ಲೆಕ್ಕ ಬೇರೆ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನದು. ಗಾರೆ ಗಾಳಿಯಿಂದ ಆ ಅನಿಲವನ್ನು ಮರಳಿ ಹೀರಿ ಗಟ್ಟಿಯಾಗುತ್ತದೆ ನಿಜ, ಕಾಂಕ್ರೀಟೂ ಸ್ವಲ್ಪ ಹೀರುತ್ತದೆ. ಆದರೆ ಹೋದದ್ದೆಲ್ಲ ಬರುವುದಿಲ್ಲ.

ವಚನಕಾರರಲ್ಲಿ ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ದಿನದ ಅಕ್ಕಿಗಿಂತ ಹೆಚ್ಚು ಆಯ್ದು ತಂದಾಗ, ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ನಾನು ಈ ಕತೆಯನ್ನು ಇಷ್ಟು ದಿನ ಮಿತಿಯ ಪಾಠವಾಗಿ ಓದುತ್ತಿದ್ದೆ. ಈಗ ಬೇರೊಂದು ಕಾಣುತ್ತದೆ. ಅಕ್ಕಿಯನ್ನು ಹಿಂದಿರುಗಿಸಬಹುದಿತ್ತು. ತಪ್ಪು ಮಾಡಿದವನಿಗೆ ತಿದ್ದಿಕೊಳ್ಳಲು ದಾರಿಯಿತ್ತು. ಸುರಿದು ಬರಲು ಬಾರದ್ದನ್ನು ತಂದಿದ್ದರೆ ಲಕ್ಕಮ್ಮ ಏನು ಹೇಳುತ್ತಿದ್ದಳು? ಬಹುಶಃ ಹೊರಡುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿ ಎರಡು ಸಲ ಕೇಳುತ್ತಿದ್ದಳು. ಹಿಂದಿರುಗಿಸಲು ಬರುವುದಕ್ಕೆ ಒಂದು ಸಲ ಯೋಚಿಸಿದರೆ ಸಾಕು. ಬಾರದ್ದಕ್ಕೆ ಹೆಚ್ಚು ಕಾರಣ ಕೊಡಬೇಕು, ಯಾಕೆಂದರೆ ಆ ನಿರ್ಧಾರವನ್ನು ಒಂದೇ ಸಲ, ಮುಂದೆ ಬರುವವರೆಲ್ಲರ ಪರವಾಗಿ, ಅವರನ್ನು ಕೇಳದೆ ತೆಗೆದುಕೊಳ್ಳುತ್ತಿದ್ದೇವೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆಂದದ ಪ್ರಬಂಧವಾಗುತ್ತಿತ್ತು. ಆದರೆ 2020ರ ಅಕ್ಟೋಬರ್ ನೆನಪಾಗುತ್ತದೆ. ಭೀಮೆ, ಕಾಗಿಣಾ ಉಕ್ಕಿ ಬಂದಾಗ ನದಿ ದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಕುಸಿದವು. ನೀರಿಳಿದ ಮೇಲೆ ಜನ ಕೇಳಿದ್ದು ಸಿಮೆಂಟಿನ ಮನೆ. ಅವರಿಗೆ ನಾನು 44 ಕಿಲೋದ ಲೆಕ್ಕ ಹೇಳಲೇ? ನಾನಿರುವ ಹಾಸ್ಟೆಲ್ಲು ನಾಲ್ಕಂತಸ್ತಿನ ಕಾಂಕ್ರೀಟು. ಈ ಲೇಖನ ಓದುತ್ತಿರುವ ನೀವು ಕೂತಿರುವ ಕೋಣೆಯೂ ಹೆಚ್ಚುಕಡಿಮೆ ಅದೇ. ನಗರ ತನಗೆ ಬೇಕಾದಷ್ಟು ಕಟ್ಟಿಕೊಂಡು, ಕಟ್ಟುವ ಕಲ್ಲಿನ ಬಗ್ಗೆ ಪಾಪಪ್ರಜ್ಞೆಯನ್ನು ಮಾತ್ರ ಆರು ಎಕರೆಯವನಿಗೆ ಬಿಡುವುದು ಅನ್ಯಾಯ. ಹೊಣೆ ಇದೆ ಎಂದರೆ ಅದು ಮೊದಲು ಹೆಚ್ಚು ಬಳಸಿದವರದು. ಇದನ್ನು ಹೇಳದೆ ಅಪ್ಪನಿಗೆ ಸಹಿ ಮಾಡಬೇಡ ಎಂದಿದ್ದರೆ, ನಾನು ನೀತಿಯ ಹೆಸರಿನಲ್ಲಿ ಅವರ ಸಾಲಕ್ಕೆ ಬಡ್ಡಿ ಸೇರಿಸುತ್ತಿದ್ದೆ.

ಮೂರು ವಾರ ಆದಮೇಲೆ ಫೋನ್ ಮಾಡಿದೆ. "ಅಪ್ಪಾ, ನೀವು ಕೊಟ್ಟರ ನಿಮ್ಮದು ತಪ್ಪು ಅಂತ ನಾ ಅನ್ನಂಗಿಲ್ಲ. ಆದ್ರ ಎರಿ ಹೊಲದ ಕಾಗದಕ್ಕ ನಾ ಸಹಿ ಮಾಡಂಗಿಲ್ಲ" ಅಂದೆ. ಮರಡಿಯ ವಿಷಯ ಬೇರೆ. ಅದರಲ್ಲೂ ಬಾವಿಯ ಕಡೆಯ ಭಾಗ ಬಿಡಬೇಕು, ಅಲ್ಲಿನ ಸೀಳುಗಳಿಂದಲೇ ಬಾವಿಗೆ ನೀರು. ಚಪ್ಪಡಿ ತೆಗೆಯಲಿ, ಗೂಡಿಗೆ ಪುಡಿ ಮಾಡಿ ಕಳಿಸುವ ಮಾತು ಕಾಗದದಲ್ಲಿ ಇರಕೂಡದು. ಮೇಲಿನ ಮಣ್ಣನ್ನು ಬೇರೆ ಕೂಡಿಟ್ಟು, ಬಿಡುವಾಗ ಮರಳಿ ಹರಡಬೇಕು. ಹಳೆಯ ಖಣಿಗಳ ಹಾಗೆ ನೀರು ನಿಂತ ಹೊಂಡ ಬಿಟ್ಟು ಹೋಗಬಾರದು. ಇದರಿಂದ ಹಣ ಕಡಿಮೆಯಾಗುತ್ತದೆ. ಕಡಿಮೆಯಾದದ್ದರಲ್ಲಿ ನನ್ನ ಪಾಲು ನನಗೆ ಬೇಡ, ಸಾಲಕ್ಕೆ ಹೋಗಲಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಷ್ಟ ಹೇಳ್ಲಾಕ ನಾಕ ವರ್ಷ ಓದ್ಬೇಕಾಯ್ತೇನವ್ವಾ?" ಎಂದು ನಕ್ಕರು. ನಾನೂ ನಕ್ಕೆ. ಕಾಕಾ ನಗಲಿಲ್ಲ. ಅವರಿಗೆ ಸಿಟ್ಟಿದೆ, ಅವರ ಸಿಟ್ಟಿಗೂ ಕಾರಣವಿದೆ, ಅದನ್ನು ಯಾವ ವಾದವೂ ಸಮಾಧಾನ ಮಾಡುವುದಿಲ್ಲ. ಗುತ್ತಿಗೆದಾರ ಈ ಶರತ್ತುಗಳಿಗೆ ಒಪ್ಪಿದ್ದಾನೆಂದು ಇನ್ನೂ ಸುದ್ದಿಯಿಲ್ಲ. ಒಪ್ಪದೆ ಹೋದರೆ ಆ ಹಣ ಬರುವುದಿಲ್ಲ, ಸಾಲ ಹಾಗೆಯೇ ಉಳಿಯುತ್ತದೆ, ಆ ಸಾಲದಲ್ಲಿ ನನ್ನ ತತ್ವದ ಪಾಲೂ ಇರುತ್ತದೆ. ಅದನ್ನು ನಾನು ಬಲ್ಲೆ.

ನಿನ್ನೆ ಅಪ್ಪ ಮತ್ತೆ ಫೋನ್ ಮಾಡಿದ್ದರು. ಅವರಿಗೆ ಒಂದೇ ಅನುಮಾನ: "ಮಣ್ಣು ಕೂಡಿಡ್ತೀವಿ ಅಂತಾರಲ್ಲಾ, ಹತ್ತು ವರ್ಷ ಎಲ್ಲಿ ಇಡ್ತಾರಂತ ಕೇಳೀದಿಯೇನು? ಮಳಿಗಿ ಕೊಚ್ಚಿ ಹೋಗಂಗಿಲ್ಲೇನು?" ನಾನು ಕೇಳಿರಲಿಲ್ಲ. ಕೇಳಬೇಕು.